ಸುರಪುರದ ಬಂಗಲೆ, ಲಖನೌದ ಅಜ್ಜಿ

ಯಾದಗಿರಿಯಲ್ಲಿ ರೈಲಿಳಿದು, ಭೀಮೆಯ ಸೇತುವೆಯನ್ನು ದಾಟಿ, ಶಹಾಪುರದ ದಾರಿ ಹಿಡಿದ ಪ್ರವಾಸಿಗೆ ಮೊದಲು ಎದುರಾಗುವುದು ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು. ಅಲ್ಲಿಂದ ಮುಂದೆ ಹೋದರೆ ಸುರಪುರ: ಬಂಡೆಗಳ ನಡುವೆ ಗೂಡು ಕಟ್ಟಿದಂತಿರುವ ಬೇಡ ನಾಯಕರ ರಾಜಧಾನಿ. ಔರಂಗಜೇಬನು ಸಾಯುವುದಕ್ಕೆ ಎರಡು ವರ್ಷ ಮೊದಲು, ತನ್ನ ಕೊನೆಯ ಮುತ್ತಿಗೆಯನ್ನು ಹೂಡಿದ್ದು ಇಲ್ಲಿಗೆ ಸಮೀಪದ ವಾಗಿಣಗೇರಿಯ ಮೇಲೆ. ಆ ಮಾತು ಇರಲಿ. ಊರಿನ ಎತ್ತರದಲ್ಲಿ ಒಂದು ಬಂಗಲೆಯಿದೆ. ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ್ದು. ಜನ ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ.

ಟೇಲರನ ವಿಷಯ ನಮ್ಮ ಓದುಗರಿಗೆ ಹೊಸದಲ್ಲ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿ ಬರೆದು 1839ರಲ್ಲಿ ಇಂಗ್ಲೆಂಡನ್ನೇ ಬೆಚ್ಚಿಸಿದವನು. 1842ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಕೆರೆ ಕಟ್ಟೆಗಳನ್ನು ದುರಸ್ತಿ ಮಾಡಿಸಿದವನು. ರಾಜನ ಕೋಳೂರಿನಲ್ಲಿ ಜನ ಮೋರಿಯರ ಮನೆ ಎಂದು ಕರೆಯುವ ಕಲ್ಲಿನ ಗೂಡುಗಳನ್ನೂ, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ನಿಲ್ಲಿಸಿದ ಬಂಡೆಗಳನ್ನೂ ಅಳೆದು ನೋಡಿ ಪಂಡಿತ ಲೋಕಕ್ಕೆ ತಿಳಿಸಿದವನು. ಇಷ್ಟನ್ನು ನಾವು ಅನೇಕ ಸಲ ಓದಿದ್ದೇವೆ. ಆದರೆ ಈ ಸಾಹೇಬನ ಹೆಂಡತಿ ಯಾರು? ಆಕೆಯ ತಂದೆಯನ್ನು ಹೆತ್ತವಳು ಯಾರು? ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಕೇಳಿದರೆ ಸುರಪುರದ ಬೆಟ್ಟದಿಂದ ನಾವು ನೆಟ್ಟಗೆ ಲಖನೌಗೆ ಹೋಗುತ್ತೇವೆ. ಅಲ್ಲಿಂದ ಇರಾನಿಗೂ ಇಂಗ್ಲೆಂಡಿಗೂ ದಾರಿ ಕವಲೊಡೆಯುತ್ತದೆ.

ಟೇಲರನ ಹೆಂಡತಿಯ ಹೆಸರು ಮೇರಿ ಪಾಮರ್. ಹೆಸರು ಅಪ್ಪಟ ಇಂಗ್ಲಿಷಿನದು. ಆದರೆ ಆಕೆಯ ಅಜ್ಜಿ, ಎಂದರೆ ತಂದೆಯ ತಾಯಿ, ಬೀಬಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಕುಲೀನೆ. ಈ ಲೇಖನ ಆ ಅಜ್ಜಿಯನ್ನು ಕುರಿತದ್ದು. ಆಕೆ ಸುರಪುರವನ್ನು ಕಂಡವಳಲ್ಲ. ಟೇಲರ್ ಇಲ್ಲಿಗೆ ಬರುವ ಹದಿನಾಲ್ಕು ವರ್ಷ ಮೊದಲೇ ಹೈದರಾಬಾದಿನಲ್ಲಿ ಕಣ್ಣು ಮುಚ್ಚಿದಳು. ಆದರೂ ಟೇಲರ್ ಮಂಜಿಲಿನ ಕಥೆಯನ್ನು ಆಕೆಯನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ ಎಂದು ನಮ್ಮ ಭಾವನೆ.

ಫೈಜ್ ಬಕ್ಷಳ ತಂದೆ ಇರಾನಿನಿಂದ ಬಂದ ಮನೆತನದವನು, ಕುದುರೆ ಪಡೆಯ ಸರದಾರ. ಹದಿನೆಂಟನೆಯ ಶತಮಾನದಲ್ಲಿ ಹೀಗೆ ಬಂದವರು ಬಹಳ ಮಂದಿ. ಕತ್ತಿಯೊಂದು, ಕುದುರೆಯೊಂದು, ನಾಲಗೆಯ ಮೇಲೆ ಪಾರಸಿ ಇದ್ದರೆ ಸಾಕು. ದೆಹಲಿಯಲ್ಲದಿದ್ದರೆ ಲಖನೌ, ಲಖನೌ ಅಲ್ಲದಿದ್ದರೆ ಹೈದರಾಬಾದು, ಎಲ್ಲೋ ಒಂದು ಕಡೆ ಅನ್ನವಿರುತ್ತಿತ್ತು. ದೆಹಲಿಯ ಬಾದಷಾಹಿ ಬಡವಾದಂತೆ ಇಂಥ ಮನೆಗಳು ಅವಧದ ನವಾಬನ ಆಶ್ರಯ ಹುಡುಕಿಕೊಂಡು ಲಖನೌ ಸೇರಿದವು. ಕಂಪನಿಯ ಅಧಿಕಾರಿಗಳೂ ಅಲ್ಲಿಗೇ ಬಂದರು. ಅವರಲ್ಲಿ ಒಬ್ಬ ಮೇಜರ್ ವಿಲಿಯಂ ಪಾಮರ್. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಸೈನಿಕ ಕಾರ್ಯದರ್ಶಿಯಾಗಿದ್ದವನು, ಅವನ ಅತ್ಯಂತ ನಂಬಿಕೆಯ ಮನುಷ್ಯ. ಅವನಿಗೆ ಹಿಂದೆಯೇ ಒಂದು ಮದುವೆಯಾಗಿತ್ತು; ಮೊದಲ ಹೆಂಡತಿ ಸಮುದ್ರದಾಚೆ ಉಳಿದಿದ್ದಳು. ಇಲ್ಲಿ ಅವನು ಫೈಜ್ ಬಕ್ಷಳ ಕೈ ಹಿಡಿದ. ಈ ಸಂಬಂಧ ಅವನು ಸಾಯುವವರೆಗೆ, ಮೂವತ್ತೈದು ವರ್ಷಕ್ಕೂ ಮಿಕ್ಕಿ ನಡೆಯಿತು.

ಈ ಸಂಸಾರದ ಒಂದು ಚಿತ್ರ ಉಳಿದಿದೆ. 1785ರ ಸುಮಾರಿಗೆ ಲಖನೌದಲ್ಲಿ ಐರೋಪ್ಯ ಚಿತ್ರಕಾರನೊಬ್ಬ ಬರೆದ ತೈಲಚಿತ್ರ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬರೆದವನು ಜೋಫನಿಯೋ ರೆನಾಲ್ಡಿಯೋ ಎಂದು ಬಲ್ಲವರು ವಾದಿಸುತ್ತಾರೆ. ಚಿತ್ರ ಪೂರ್ತಿಯಾಗಿಲ್ಲ. ಆದರೂ ಮುಖ್ಯವಾದದ್ದೆಲ್ಲ ಅದರಲ್ಲಿದೆ. ಸಮವಸ್ತ್ರ ತೊಟ್ಟ ಪಾಮರ್ ಇದ್ದಾನೆ. ಬರಿಗಾಲಿನಲ್ಲಿ ಕುಳಿತ ಬೀಬಿ ಇದ್ದಾಳೆ. ಸುತ್ತ ಮೂರು ಮಕ್ಕಳು, ದಾದಿಯರು, ಬೀಬಿಯ ಒಡಹುಟ್ಟು. ಎಳೆಯ ಕೂಸಿಗೆ ಹೇಸ್ಟಿಂಗ್ಸ್ ಎಂದು ಹೆಸರು. ಒಡೆಯನ ಮೇಲಿನ ಪ್ರೀತಿ! ಐದಾರು ವರ್ಷದ ಹಿರಿಯ ಹುಡುಗ ವಿಲಿಯಂ. ಇವನೇ ಮುಂದೆ ಟೇಲರನ ಮಾವನಾಗುವವನು.

ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಸಾಹೇಬ ಕುರ್ಚಿಯಲ್ಲಿ ಕುಳಿತು ಹುಕ್ಕಾ ಸೇದುತ್ತಿರುತ್ತಾನೆ. ನಮ್ಮವರು ಹಿಂದೆ ಬೀಸಣಿಗೆ ಹಿಡಿದು ನಿಂತಿರುತ್ತಾರೆ. ಈ ಚಿತ್ರ ಅಂಥದಲ್ಲ. ಇದರ ನಡುಮನೆಯ ಒಡತಿ ಬೀಬಿಯೇ. ಇದೊಂದು ಸಂಸಾರ ಎಂದು ನೋಡಿದವರಿಗೆ ಒಡನೆ ತಿಳಿಯುತ್ತದೆ. ಅದಕ್ಕೆ ವಿವರಣೆ ಬೇಡ.

ಹಾಗೆಂದು ಆ ಸಂಸಾರದ ಮೇಲೆ ಕಾಲದ ಕಣ್ಣು ಬೀಳದೆ ಇರಲಿಲ್ಲ. 1791ರಲ್ಲಿ ಕಂಪನಿ ಒಂದು ನಿಯಮ ಮಾಡಿತು. ತಂದೆ ತಾಯಿಗಳಲ್ಲಿ ಒಬ್ಬರು ಹಿಂದುಸ್ತಾನದವರಾಗಿದ್ದರೂ ಸರಿ, ಅಂಥವನಿಗೆ ಕಂಪನಿಯ ಸಿವಿಲ್ ಕೆಲಸವಾಗಲಿ ಸೈನ್ಯದ ಅಧಿಕಾರವಾಗಲಿ ಇಲ್ಲ. ಒಂದು ಕಾಗದ, ನಾಲ್ಕು ಸಾಲು. ಅದರಿಂದ ಫೈಜ್ ಬಕ್ಷಳ ಮಕ್ಕಳು ತಂದೆಯ ಮನೆಯಲ್ಲೇ ಹೊರಗಿನವರಾದರು. ವಿಲಿಯಂ ಇಂಗ್ಲೆಂಡಿಗೆ ಹೋಗಿ ವುಲಿಚ್ಚಿನ ಸೈನಿಕ ವಿದ್ಯಾಲಯದಲ್ಲಿ ಕಲಿತು ಬಂದಿದ್ದ. ಕಲಿತೇನು? ತಂದೆ ದುಡಿದ ಸೈನ್ಯದಲ್ಲಿ ಅವನಿಗೆ ಎಡೆಯಿರಲಿಲ್ಲ. ನಿಜಾಮನ ಸೈನ್ಯವನ್ನು ಸೇರಿದ. ಹೀಗೆ ಪಾಮರ್ ಮನೆತನದ ಒಂದು ಬೇರು ದಖ್ಖನಿನ ಮಣ್ಣಿಗೆ ಇಳಿಯಿತು. ತಾಯಿಯ ರಕ್ತ ಮಗನನ್ನು ಎಲ್ಲಿಂದ ಹೊರಹಾಕಿತೋ, ಅದೇ ರಕ್ತ ಅವನಿಗೆ ಇನ್ನೊಂದು ಬಾಗಿಲು ತೆರೆಯಿತು. ಹೈದರಾಬಾದಿನ ದರ್ಬಾರಿನಲ್ಲಿ ಪಾರಸಿ ಬಲ್ಲ, ಅಲ್ಲಿನ ನಡೆನುಡಿ ಬಲ್ಲ ಅಧಿಕಾರಿಗೆ ಮರ್ಯಾದೆಯಿತ್ತು.

ಇತ್ತ ಹಿರಿಯ ಪಾಮರ್ 1798ರಲ್ಲಿ ಪುಣೆಯ ಪೇಶ್ವೆಯ ದರ್ಬಾರಿಗೆ ರೆಸಿಡೆಂಟನಾಗಿ ಬಂದ. ಬೀಬಿಯೂ ಜೊತೆಯಲ್ಲಿ ಬಂದಳು. ಅಷ್ಟರಲ್ಲಿ ಆಕೆಗೆ ದೆಹಲಿಯ ಬಾದಷಹ ಷಾ ಆಲಮನಿಂದ ಸಾಹಿಬ್ ಬೇಗಂ ಎಂಬ ಬಿರುದು ದೊರೆತಿತ್ತು. ಪುಣೆಯ ವಾಸ ಬಹಳ ದಿನ ನಡೆಯಲಿಲ್ಲ. ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿದ್ದ ಕಾಲ. ದೇಶೀಯರೊಡನೆ ಬೆರೆತು ಬಾಳುವ ಹಳಬರು ಅವನ ಕಣ್ಣಿಗೆ ಹಿಡಿಸಲಿಲ್ಲ. 1801ರಲ್ಲಿ ಪಾಮರನನ್ನು ಅಲ್ಲಿಂದ ತೆಗೆದರು. ದಂಪತಿಗಳು ಹೈದರಾಬಾದಿನ ಮೇಲಿಂದ ಕಲ್ಕತ್ತೆಗೆ ಹೊರಟರು. ಆಗ ಬೇಗಮಳಿಗೆ ಅಲ್ಲಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ಕನ ಹೆಂಡತಿ ಖೈರುನ್ನಿಸಾಳ ಪರಿಚಯವಾಯಿತು. ಪರಿಚಯ ಗೆಳೆತನವಾಗಿ ಬೆಳೆಯಿತು.

ದೆಹಲಿ, ಲಖನೌ, ಪುಣೆ, ಕಲ್ಕತ್ತೆ: ಈ ಹೆಂಗಸು ಎಷ್ಟು ಊರುಗಳಲ್ಲಿ ಒಲೆ ಹೂಡಿದಳು ನೋಡಿ. ಪ್ರತಿಯೊಂದು ಸಲವೂ ಗಂಡನ ಆಜ್ಞಾಪತ್ರ ಬಂದಾಗ ಗಂಟುಮೂಟೆ ಕಟ್ಟಬೇಕು; ಪಲ್ಲಕ್ಕಿ, ಒಂಟೆ, ದೋಣಿ. 1816ರಲ್ಲಿ ಜನರಲ್ ಬಂಗಾಳದ ಬಹರಾಂಪುರದಲ್ಲಿ ತೀರಿಕೊಂಡ. ಉಯಿಲಿನಲ್ಲಿ ಬೇಗಮಳನ್ನು ತನ್ನ ಇಷ್ಟು ವರ್ಷಗಳ ಪ್ರೀತಿಯ ಸ್ನೇಹಿತೆ, ಸಂಗಾತಿ ಎಂದು ಬರೆದಿದ್ದ. ಬೇಗಂ ಮಗನ ಬಳಿಗೆ ಹೈದರಾಬಾದಿಗೆ ಬಂದಳು. ಈ ಸಲದ ಪ್ರಯಾಣ ಯಾರ ಆಜ್ಞೆಯಿಂದಲೂ ಆದುದಲ್ಲ. ಮಗನ ಮನೆಗೆ ತಾಯಿ ಬಂದಳು, ಮೊಮ್ಮಕ್ಕಳ ಮನೆಗೆ ಅಜ್ಜಿ ಬಂದಳು; ಅಷ್ಟೇ. ಅಲ್ಲಿಯೇ ಹನ್ನೆರಡು ವರ್ಷ ಬಾಳಿ 1828ರಲ್ಲಿ ತೀರಿಕೊಂಡಳು. ಕೊನೆಯವರೆಗೂ ಆಕೆಯ ಹೆಸರು ಬದಲಾಗಲಿಲ್ಲ, ಮತ ಬದಲಾಗಲಿಲ್ಲ. ಮಕ್ಕಳು ಕೈ ಬಿಟ್ಟು ಹೋಗಲಿಲ್ಲ.

ಇದೇನು ದೊಡ್ಡ ಮಾತು ಎಂದು ಓದುಗರು ಕೇಳಬಹುದು. ಎಷ್ಟು ದೊಡ್ಡ ಮಾತು ಎಂಬುದು ತಿಳಿಯಬೇಕಾದರೆ ಆಕೆಯ ತಂಗಿಯ ಕಥೆ ಕೇಳಬೇಕು.

ತಂಗಿಯ ಹೆಸರು ನೂರ್ ಬಕ್ಷ್. ಆಕೆಯನ್ನು ವರಿಸಿದವನು ಸವಾಯಿ ಪ್ರಾಂತ್ಯದ ಬೆನ್ವಾ ದ ಬ್ವಾಞ್. ಮಹಾದಜಿ ಸಿಂಧೆಯ ಸೈನ್ಯವನ್ನು ಐರೋಪ್ಯ ರೀತಿಯಲ್ಲಿ ತಿದ್ದಿ, ಉತ್ತರ ಹಿಂದುಸ್ತಾನವನ್ನೆಲ್ಲ ಮರಾಠರ ಕಾಲಿಗೆ ಕೆಡವಿದ ಗಟ್ಟಿಗ. ಇಬ್ಬರು ಮಕ್ಕಳಾದರು. ಗಂಟು ಮಾಡಿಕೊಂಡ ದ ಬ್ವಾಞ್ 1796ರಲ್ಲಿ ಹಿಂದುಸ್ತಾನಕ್ಕೆ ವಿದಾಯ ಹೇಳಿದ. ನೂರ್ ಅವನೊಡನೆ ಇಂಗ್ಲೆಂಡಿಗೆ ಹೋದಳು. ಅಕ್ಕ ನೆಲದ ಮೇಲೆ ಊರಿಂದೂರಿಗೆ ನಡೆದರೆ ತಂಗಿ ಕಡಲನ್ನೇ ದಾಟಿದಳು. ಅಲ್ಲಿ ಆಕೆಗೂ ಮಕ್ಕಳಿಗೂ ಕ್ರೈಸ್ತ ದೀಕ್ಷೆಯಾಯಿತು. ನೂರ್ ಬಕ್ಷ್ ಹೋಗಿ ಹೆಲೆನಾ ಬೆನೆಟ್ ಆದಳು. ಬಾನು ಎಂಬ ಮಗಳು ಆನ್ ಆದಳು. ಅಲಿ ಬಕ್ಷ್ ಎಂಬ ಮಗ ಚಾರ್ಲ್ಸ್ ಆದ.

1798ರಲ್ಲಿ ದ ಬ್ವಾಞ್ ಲಂಡನ್ನಿನಲ್ಲಿ ಫ್ರೆಂಚ್ ಸರದಾರರ ಮನೆಯ ಹದಿನಾರು ಹದಿನೇಳರ ಹುಡುಗಿಯೊಬ್ಬಳನ್ನು ಚರ್ಚಿನಲ್ಲಿ ಮದುವೆಯಾದ. ಲಖನೌದ ನಿಕಾಹು ಲಂಡನ್ನಿನ ಕಾನೂನಿಗೆ ಲೆಕ್ಕವಲ್ಲ! ಹೊಸ ಮದುವೆಯೂ ಬಾಳಲಿಲ್ಲವೆನ್ನುವುದು ಬೇರೆ ಮಾತು. ಅದರಿಂದ ನೂರಳಿಗೆ ಬಂದ ಲಾಭವೇನೂ ಇಲ್ಲ. ವರ್ಷಾಶನ ಗೊತ್ತುಮಾಡಿದರು. ಸಸೆಕ್ಸಿನ ಹಾರ್ಷಂ ಎಂಬ ಊರಿನ ಕಡೆ, ಕಾಡಿನಂಚಿನ ಮನೆಯೊಂದರಲ್ಲಿ ಆಕೆ ಇದ್ದಳು. ಮಗಳು 1804ರಲ್ಲಿ, ಇನ್ನೂ ಹದಿಹರೆಯದಲ್ಲೇ ತೀರಿಕೊಂಡಳು. ಮಗನನ್ನು ತಂದೆ ಸವಾಯಿಗೆ ಕರೆಸಿಕೊಂಡ. ಅವನು ಅಲ್ಲಿನ ಕುಲೀನರ ಮನೆಯ ಹೆಣ್ಣನ್ನು ಮದುವೆಯಾಗಿ, ತಂದೆಯ ನಂತರ ಕೌಂಟ್ ಪದವಿಗೆ ಬಂದ. ಹಲವಾರು ಮಕ್ಕಳಾದರು. ಷಾಂಬೆರಿ ಪಟ್ಟಣದಲ್ಲಿ ದ ಬ್ವಾಞನ ನೆನಪಿಗಾಗಿ 1838ರಲ್ಲಿ ನಿಲ್ಲಿಸಿದ ಕಾರಂಜಿಯಲ್ಲಿ ನಾಲ್ಕು ಆನೆಗಳಿವೆ. ಹಿಂದುಸ್ತಾನದ ಆನೆಗೆ ಆ ಊರಿನ ನಡುಬೀದಿಯಲ್ಲಿ ಸ್ಥಳ ಸಿಕ್ಕಿತು. ಆ ಮನೆತನದ ಮಕ್ಕಳ ಅಜ್ಜಿ ಮಾತ್ರ ಸಸೆಕ್ಸಿನ ಕಾಡಿನಂಚಿನಲ್ಲಿ ಉಳಿದಳು. ಸುತ್ತಲ ಹಳ್ಳಿಗರು ಆಕೆಯನ್ನು ಕಪ್ಪು ರಾಜಕುಮಾರಿ ಎಂದು ಕರೆಯುತ್ತಿದ್ದರಂತೆ. 1853ರ ಡಿಸೆಂಬರಿನಲ್ಲಿ ಸತ್ತಳು. ಹಾರ್ಷಮ್ಮಿನ ಚರ್ಚಿನ ಅಂಗಳದಲ್ಲಿ ಮಣ್ಣಾದಳು.

ನೂರ್ ಅಕ್ಕನಿಗಿಂತ ಕಡಿಮೆ ಜಾಣೆಯಾಗಿದ್ದಳು, ಅದರಿಂದ ಕೆಟ್ಟಳು ಎಂದು ಯಾರಾದರೂ ಹೇಳಿಯಾರು. ನಾವು ಒಪ್ಪುವುದಿಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಇಬ್ಬರೂ ಪರದೇಶದ ಸೈನಿಕನನ್ನು ನಂಬಿದವರು. ಅಕ್ಕನ ಗಂಡ ಉಳಿದ, ತಂಗಿಯ ಗಂಡ ಊರಿಗೆ ಹಿಂದಿರುಗಿದ. ಅಕ್ಕ ಇದ್ದ ಊರುಗಳಲ್ಲಿ ಆಕೆಯ ಮಾತು ನಡೆಯುತ್ತಿತ್ತು. ಆಕೆಯ ಭಾಷೆಯನ್ನು ಗಂಡನೇ ಕಲಿಯಬೇಕಾಗಿತ್ತು. ತಂಗಿ ಕಾಲಿಟ್ಟ ದೇಶದಲ್ಲಿ ಆಕೆಗೆ ಅವನೊಬ್ಬನ ಹೊರತು ಸಾಕ್ಷಿಯೇ ಇರಲಿಲ್ಲ. ಪರಸ್ಥಳಕ್ಕೆ ಹೋದ ತಾಯಿ ಅಲ್ಲಿ ತಾಯಿಯಾಗಿ ಉಳಿಯುತ್ತಾಳೋ ಇಲ್ಲವೋ ಎಂಬುದನ್ನು ಗೊತ್ತುಮಾಡುವುದು ಆಕೆಯ ಗುಣವಲ್ಲ. ಅಲ್ಲಿನ ನ್ಯಾಯ ಆಕೆಯ ಮದುವೆಯನ್ನು ಮದುವೆ ಎನ್ನುತ್ತದೆಯೋ ಇಲ್ಲವೋ ಎಂಬುದು.

ಬೇಗಮಳ ಗೆಳತಿ ಖೈರುನ್ನಿಸಾಳಿಗೆ ಊರು ಬಿಡುವ ಕಷ್ಟವೂ ಬರಲಿಲ್ಲ. ಮಕ್ಕಳೇ ಊರು ಬಿಟ್ಟರು. 1805ರಲ್ಲಿ ಅವಳ ಇಬ್ಬರು ಎಳೆಯ ಮಕ್ಕಳನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಅದೇ ವರ್ಷ ಗಂಡ ಸತ್ತ. ಮಕ್ಕಳ ಮುಖವನ್ನು ಮತ್ತೆ ಕಾಣದೆ 1813ರಲ್ಲಿ ಅವಳೂ ಸತ್ತಳು. ಆ ಮಕ್ಕಳಲ್ಲಿ ಒಬ್ಬಳು ಕಿಟ್ಟಿ. ಅವಳು ಮೂವತ್ತೈದು ವರ್ಷಗಳ ಮೇಲೆ, 1841ರಲ್ಲಿ, ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ತಾಯಿಯ ತಾಯಿ ಷರಫುನ್ನಿಸಾಳ ಸುದ್ದಿ ಹಿಡಿದು ಕಾಗದ ಬರೆದಳು. ಅಜ್ಜಿ ಪಾರಸಿಯಲ್ಲಿ ಉತ್ತರ ಬರೆಸಿದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಮೊಮ್ಮಗಳಿಗೆ ಪಾರಸಿ ಬಾರದು. ನಡುವೆ ರೆಸಿಡೆನ್ಸಿಯ ಅಧಿಕಾರಿಯೊಬ್ಬ ಎರಡೂ ಕಡೆಗೆ ತಿಳಿಸಿ ಹೇಳಬೇಕಾಗಿತ್ತು. ಆಗ ರೆಸಿಡೆಂಟನಾಗಿದ್ದವನು ಜನರಲ್ ಫ್ರೇಸರ್. ಮರುವರ್ಷ ಟೇಲರನನ್ನು ಸುರಪುರಕ್ಕೆ ಕಳುಹಿಸಿದವನೂ ಇವನೇ.

ಇನ್ನು ಟೇಲರನ ಕಡೆಗೆ ಬರೋಣ. ಅವನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ತಂದೆಯ ವ್ಯಾಪಾರ ಕುಸಿದಿತ್ತು. ಹದಿನೈದು ದಾಟುವ ಹೊತ್ತಿಗೆ ಮುಂಬಯಿಯ ವರ್ತಕನೊಬ್ಬನ ಅಂಗಡಿಗೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ಅಂಗಡಿಯೂ ಮುಳುಗುವ ಹಾಗಿತ್ತು. ಬಂಧುವೊಬ್ಬನ ಕೃಪೆಯಿಂದ 1824ರ ನವೆಂಬರಿನಲ್ಲಿ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಕಂಪನಿಯ ನೌಕರಿಯಲ್ಲ, ನಿಜಾಮನ ನೌಕರಿ. ಈ ವ್ಯತ್ಯಾಸ ಜೀವಮಾನವಿಡೀ ಅವನನ್ನು ಕಾಡಿತು. ಮಾವ ವಿಲಿಯಂ ಪಾಮರನ ಸ್ಥಿತಿಯೂ ಅದೇ. ಒಬ್ಬನನ್ನು ಹುಟ್ಟು ಹೊರಗಿಟ್ಟಿತು, ಇನ್ನೊಬ್ಬನನ್ನು ಬಡತನ.

ಅಜ್ಜಿಯ ಕಥೆ ಹೇಳುವಾಗ ಮಗನ ಲೆಕ್ಕದ ಪುಸ್ತಕವನ್ನು ಮುಚ್ಚಿಡುವುದು ತರವಲ್ಲ. ವಿಲಿಯಂ ಪಾಮರ್ ಸೈನ್ಯ ಬಿಟ್ಟು ಹೈದರಾಬಾದಿನಲ್ಲಿ ದೊಡ್ಡ ಸಾಹುಕಾರಿ ಕೋಠಿ ತೆರೆದಿದ್ದ. ನಿಜಾಮನ ಸರ್ಕಾರಕ್ಕೆ, ಅದರ ಸೈನ್ಯಗಳ ಸಂಬಳಕ್ಕೆ ಅವನು ಕೊಟ್ಟ ಸಾಲ ಲಕ್ಷಗಳ ಲೆಕ್ಕದ್ದು, ಬಡ್ಡಿ ಬಿಗಿ, ಅದಕ್ಕೆ ಆಧಾರ ಜಿಲ್ಲೆಗಳ ಕಂದಾಯ. ಎಂದರೆ ಕೊನೆಗೆ ತೆರಬೇಕಾದವನು ನಮ್ಮ ರೈತನೇ. 1820ರಲ್ಲಿ ರೆಸಿಡೆಂಟನಾಗಿ ಬಂದ ಮೆಟ್‌ಕಾಫ್ ಈ ವ್ಯವಹಾರದ ಬೆನ್ನು ಹತ್ತಿದ. ಕಂಪನಿ ನಿಜಾಮನ ಸಾಲ ತೀರಿಸಿ, ಅದಕ್ಕೆ ಪ್ರತಿಯಾಗಿ ಉತ್ತರ ಸರ್ಕಾರಗಳಿಗಾಗಿ ತಾನು ವರ್ಷ ವರ್ಷ ಕೊಡಬೇಕಾಗಿದ್ದ ಕಪ್ಪವನ್ನು ನಿಲ್ಲಿಸಿಕೊಂಡಿತು. 1824ರಲ್ಲಿ ಕೋಠಿ ದಿವಾಳಿಯೆದ್ದಿತು. ವೃದ್ಧ ಬೇಗಂ ಮಗನ ಏಳಿಗೆಯನ್ನೂ ಬೀಳುವಿಕೆಯನ್ನೂ ಕಣ್ಣಾರೆ ಕಂಡಳು.

ಕೋಠಿ ಮುರಿದರೂ ಮನೆಯ ಬಾಗಿಲು ಮುಚ್ಚಲಿಲ್ಲ. ರೆಸಿಡೆನ್ಸಿಯ ಬಿಗಿ ಶಿಷ್ಟಾಚಾರದಿಂದ ಬೇಸತ್ತ ಇಂಗ್ಲಿಷರೂ, ನಗರದ ಉಮರಾವರೂ ಒಂದೇ ಕಡೆ ಕುಳಿತು ಮಾತನಾಡಬಹುದಾದ ಸ್ಥಳ ಹೈದರಾಬಾದಿನಲ್ಲಿ ಪಾಮರನ ಮನೆ. ಟೇಲರ್ ಆ ಮನೆಗೆ ಹೋಗಿ ಬರುತ್ತಿದ್ದ. ದರ್ಬಾರಿನ ಮಾತುಕತೆ, ಯಾರ ಮುಂದೆ ಎಷ್ಟು ಬಗ್ಗಬೇಕು, ಪರದೆಯ ಹಿಂದಿನವರೊಡನೆ ಹೇಗೆ ಮಾತನಾಡಬೇಕು, ಇಂಥವು ಕವಾಯತಿನ ಮೈದಾನದಲ್ಲಿ ಕಲಿಯುವ ವಿದ್ಯೆಗಳಲ್ಲ. 1832ರಲ್ಲಿ ಆ ಮನೆಯ ಮಗಳು ಮೇರಿಯನ್ನು ಮದುವೆಯಾದ. ಬೇಗಂ ಇಲ್ಲವಾಗಿ ನಾಲ್ಕು ವರ್ಷವಾಗಿತ್ತು. ಆದರೆ ಮನೆಯ ಹಿರಿಯಳೊಬ್ಬಳು ಸತ್ತ ಮಾತ್ರಕ್ಕೆ ಅವಳು ಹಾಕಿಕೊಟ್ಟ ರೀತಿನೀತಿ ಸಾಯುತ್ತದೆಯೆ?

1842ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ಅಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕನಿಗೆ ಏಳೆಂಟು ವರ್ಷ. ಸತ್ತ ರಾಜನ ತಮ್ಮ ಪಿಡ್ಡ ನಾಯಕ ಒಂದು ಕಡೆ, ವಿಧವೆ ರಾಣಿ ಈಶ್ವರಮ್ಮ ಇನ್ನೊಂದು ಕಡೆ; ನಡುವೆ ನಿಜಾಮನಿಗೆ ಸಲ್ಲಬೇಕಾದ ಲಕ್ಷಗಟ್ಟಲೆ ಬಾಕಿ. ಬೇಡ ಪಡೆಯ ಬಂದೂಕುಗಳು ಯಾರ ಕಡೆ ತಿರುಗುತ್ತವೋ ಹೇಳುವಂತಿರಲಿಲ್ಲ. ಇಂಥ ಊರಿನಲ್ಲಿ ಟೇಲರ್ ಹನ್ನೊಂದು ವರ್ಷ ಉಳಿದ. ಬಲಪ್ರಯೋಗದಿಂದ ಸಾಧಿಸಿದ್ದಕ್ಕಿಂತ ಮಾತಿನಿಂದ ಸಾಧಿಸಿದ್ದೇ ಹೆಚ್ಚು. ಆ ಮಾತಿನ ಹದ ಅವನಿಗೆ ಬಂದದ್ದು ಎಲ್ಲಿಂದ ಎಂದು ಕೇಳಿದರೆ ನಾವು ಪಾಮರನ ಮನೆಯ ಕಡೆ ಬೆರಳು ಮಾಡುತ್ತೇವೆ.

ರಾಣಿ ಈಶ್ವರಮ್ಮನ ವಿಷಯದಲ್ಲಿ ಟೇಲರನ ಲೇಖನಿ ಬಹಳ ಕಟುವಾಗಿದೆ. ಆಕೆಯ ನಡತೆಯನ್ನು, ಹಟವನ್ನು, ಖರ್ಚನ್ನು ಅವನು ಹೀಗಳೆದಿದ್ದಾನೆ. ನಮಗೆ ಉಳಿದಿರುವ ಚಿತ್ರ ಹೆಚ್ಚಾಗಿ ಅವನು ಬರೆದದ್ದೇ. ಸಂಸ್ಥಾನದ ಅಧಿಕಾರವನ್ನು ಆಕೆಯ ಕೈಯಿಂದ ಬಿಡಿಸಿಕೊಳ್ಳಬೇಕಾಗಿದ್ದ ಮನುಷ್ಯ ಆಕೆಯನ್ನು ಹೊಗಳಿ ಬರೆಯುತ್ತಾನೆಂದು ನಿರೀಕ್ಷಿಸುವುದು ತಪ್ಪು. ಆದ್ದರಿಂದ ಆ ಮಾತುಗಳನ್ನು ಅರ್ಧಕ್ಕೆ ಇಳಿಸಿ ಓದಬೇಕು. ಆದರೆ ಅವನೇ ಹೇಳುವ ಒಂದು ಸಂಗತಿ ಆ ಕಟುನುಡಿಗಳನ್ನೆಲ್ಲ ಮೀರಿ ನಿಲ್ಲುತ್ತದೆ.

ಒಮ್ಮೆ ರಾಣಿಗೆ ಕಾಯಿಲೆ ಬಿಗಡಾಯಿಸಿತು. ತಾನು ಉಳಿಯುವುದಿಲ್ಲವೆಂದುಕೊಂಡು ರಾತ್ರಿಯ ಹೊತ್ತಿನಲ್ಲಿ ಟೇಲರನಿಗೆ ಹೇಳಿ ಕಳುಹಿಸಿದಳು. ಅರಮನೆಯಲ್ಲಿ ಮುದುಕ ಪುರೋಹಿತನೊಬ್ಬ ಕಾದಿದ್ದ. ರಾಜಕುಮಾರನ ಜಾತಕವನ್ನು ತೆಗೆಯಿಸಿದರು. ಹುಡುಗನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣ ಎಂದು ಅದರಲ್ಲಿತ್ತು. ಸತ್ತ ರಾಜನಿಗೂ, ರಾಣಿಗೂ, ಆ ಬ್ರಾಹ್ಮಣನಿಗೂ ಹೊರತು ಬೇರೊಬ್ಬರಿಗೆ ತಿಳಿಯದ ಗುಟ್ಟು ಅದು. ಅದನ್ನು ಆಕೆ ಟೇಲರನಿಗೆ ಒಪ್ಪಿಸಿದಳು. ರಾಣಿ ಆ ಕಾಯಿಲೆಯಿಂದ ಗುಣವಾದಳು. ಗುಟ್ಟು ಟೇಲರನಲ್ಲಿ ಉಳಿಯಿತು.

ಜಾತಕವನ್ನು ನಂಬುವುದು ಬಿಡುವುದು ಅವರವರ ಇಷ್ಟ. ನಮ್ಮ ಗಮನ ಸೆಳೆಯುವುದು ಬೇರೆ. ಯಾರೊಡನೆ ವರ್ಷಗಟ್ಟಲೆ ಹೋರಾಡಿದಳೋ, ಅವನ ಕೈಗೇ ಆ ತಾಯಿ ಮಗನ ಸಾವಿನ ಗುಟ್ಟನ್ನು ಇಟ್ಟಳು. ಸ್ವಂತ ಮೈದುನನ ಕೈಗೆ ಇಡಲಿಲ್ಲ, ದಿವಾನನ ಕೈಗೆ ಇಡಲಿಲ್ಲ. ಕೆಟ್ಟ ಹೆಂಗಸು ಎಂದು ಬರೆದವನೇ ಆಕೆಯ ತಾಯ್ತನಕ್ಕೆ ಸಾಕ್ಷಿಯೂ ಆಗಿದ್ದಾನೆ. ಮತ್ತೆ ಆ ಹುಡುಗ? ಅವನು ಟೇಲರನನ್ನು ಕರೆಯುತ್ತಿದ್ದುದು ಅಪ್ಪಾ ಎಂದು. ಊರಿನವರೂ ಹಾಗೆಯೇ ಕರೆಯುತ್ತಿದ್ದರು. ಕನ್ನಡದ ಈ ಎರಡಕ್ಷರ ಅವನ ಇಂಗ್ಲಿಷ್ ಪುಸ್ತಕದಲ್ಲಿ ಹಾಗೆಯೇ ಉಳಿದುಕೊಂಡಿದೆ.

ಆ ಬಂಗಲೆಯಲ್ಲಿ ಮಾತ್ರ ಅಮ್ಮ ಎನ್ನಿಸಿಕೊಳ್ಳಬಹುದಾಗಿದ್ದವಳು ಬಹಳ ದಿನ ಇರಲಿಲ್ಲ. ಟೇಲರ್ ಸುರಪುರಕ್ಕೆ ಬಂದ ಮೊದಲ ವರ್ಷಗಳಲ್ಲೇ ಮೇರಿ ತೀರಿಕೊಂಡಳು. ಆಮೇಲೆ ಅವನು ಮತ್ತೆ ಮದುವೆಯಾಗಲಿಲ್ಲ. ಟೇಲರ್ ಮಂಜಿಲಿನ ಎತ್ತರದಿಂದ ಕೆಳಗಿನ ಊರಿನ ದೀಪಗಳನ್ನು ನೋಡುತ್ತ ಅವನು ಕಳೆದ ಸಂಜೆಗಳು ಹೆಚ್ಚಿನವು ಒಂಟಿ ಸಂಜೆಗಳು.

1853ರಲ್ಲಿ ವೆಂಕಟಪ್ಪ ನಾಯಕ ವಯಸ್ಸಿಗೆ ಬಂದ. ಟೇಲರ್ ಸಂಸ್ಥಾನವನ್ನು ಅವನಿಗೆ ಒಪ್ಪಿಸಿ ನಳದುರ್ಗದ ಕಡೆ ಹೋದ. ಅದೇ ವರ್ಷದ ಕೊನೆಯಲ್ಲಿ, ನಾವು ಆಗಲೇ ಹೇಳಿದಂತೆ, ಮೇರಿಯ ಚಿಕ್ಕಜ್ಜಿ ನೂರ್ ಬಕ್ಷ್ ಸಸೆಕ್ಸಿನಲ್ಲಿ ಸತ್ತಳು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಲಖನೌದ ಒಂದು ಮನೆಯ ಹೆಣ್ಣುಮಕ್ಕಳ ಬದುಕು ಎಷ್ಟು ದೂರ ದೂರಕ್ಕೆ ಚೆದರಿತ್ತು ಎಂಬುದನ್ನು ತೋರಿಸಲು ಹೇಳಿದೆವು.

ಮುಂದಿನ ಕಥೆ ಕನ್ನಡಿಗರಿಗೆ ಗೊತ್ತು. 1858ರ ಫೆಬ್ರವರಿಯಲ್ಲಿ ಸುರಪುರ ಎದ್ದಿತು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಬಿದ್ದ. ಮರುದಿನದೊಳಗೆ ಊರು ಕಂಪನಿಯ ಸೈನ್ಯದ ಪಾಲಾಯಿತು. ಹೈದರಾಬಾದಿಗೆ ಹೋದ ರಾಜಾ ಸೆರೆಸಿಕ್ಕಿದ. ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಅಪ್ಪಾ ಎಂದು ತರುಣ ಅವನಿಗೆ ಆತುಕೊಂಡ. ಜೊತೆಗಿದ್ದವರ ಹೆಸರು ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂದು ಸೂಚನೆ ಬಂದರೂ ಹೇಳಲಿಲ್ಲ. ಮರಣದಂಡನೆ ವಿಧಿಸಿ ಅನಂತರ ಅದನ್ನು ಇಳಿಸಿ, ನಾಲ್ಕು ವರ್ಷ ಚೆಂಗಲ್ಪಟ್ಟಿನ ಕೋಟೆಯಲ್ಲಿ ಇಡಬೇಕೆಂದು ತೀರ್ಮಾನವಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾ‌ಲ್ವರಿನ ಗುಂಡಿನಿಂದ ಅವನು ಸತ್ತ. ತಾನೇ ಹೊಡೆದುಕೊಂಡ ಎಂದು ಸರ್ಕಾರದ ಹೇಳಿಕೆ. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ. ಮುದುಕ ಪುರೋಹಿತನ ಕಾಗದ ಟೇಲರನಿಗೆ ನೆನಪಾಗದೆ ಇರಲಿಲ್ಲ. ಅದನ್ನು ಅವನು ಬರೆದೂ ಇಟ್ಟಿದ್ದಾನೆ. 1860ರಲ್ಲಿ ಸುರಪುರ ನಿಜಾಮನ ರಾಜ್ಯದಲ್ಲಿ ಸೇರಿಹೋಯಿತು. ಟೇಲರ್ ಆ ವರ್ಷವೇ ಈ ದೇಶವನ್ನು ಬಿಟ್ಟು, ಐರ್ಲೆಂಡಿನ ಡಬ್ಲಿನ್ ನಗರದ ಬಳಿ ನೆಲೆಸಿದ.

ಅಲ್ಲಿ ಕುಳಿತು ಅವನು ಬರೆದ ಕಾದಂಬರಿಗಳಲ್ಲಿ ಒಂದು 1872ರ ‘ಸೀತಾ’. ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುವ ಕಥೆ. 1857ರ ಕೋಲಾಹಲ ಮುಗಿದು ಹದಿನೈದು ವರ್ಷವಷ್ಟೇ ಆಗಿತ್ತು. ಹಿಂದುಸ್ತಾನದ ಹೆಸರೆತ್ತಿದರೆ ಇಂಗ್ಲೆಂಡು ಹಲ್ಲು ಕಡಿಯುತ್ತಿದ್ದ ಕಾಲ. ಅಂಥ ಕಾಲದಲ್ಲಿ ಈ ದೇಶದ ಹೆಣ್ಣೊಬ್ಬಳನ್ನು ಸಮಾನ ಗೌರವದ ಹೆಂಡತಿಯಾಗಿ ಚಿತ್ರಿಸಲು ಧೈರ್ಯ ಬೇಕು. ಆ ಧೈರ್ಯ ಅವನಿಗೆ ಹೆಂಡತಿಯ ಮನೆಯಿಂದ ಬಂದ ಬಳುವಳಿ ಎಂದು ನಾವು ಓದುತ್ತೇವೆ. ಆದರೆ ಕಾದಂಬರಿ ಕೊನೆಯವರೆಗೆ ನಡೆಯುವುದಿಲ್ಲ. ಗಂಡನಿಗೆ ಬರಬೇಕಾದ ಏಟಿಗೆ ತಾನು ಅಡ್ಡ ಬಂದು ಸೀತೆ ಸಾಯುತ್ತಾಳೆ. ನಾಯಕ ಇಂಗ್ಲಿಷ್ ಹುಡುಗಿಯನ್ನು ಮದುವೆಯಾಗಿ ಊರಿಗೆ ಹಿಂದಿರುಗುತ್ತಾನೆ. ಸೀತೆ ಬದುಕಿದ್ದು, ಹಡಗು ಹತ್ತಿ, ಅವನೊಡನೆ ಇಂಗ್ಲೆಂಡಿನಲ್ಲಿ ಇಳಿದಿದ್ದರೆ ಏನಾಗುತ್ತಿತ್ತು? ಆ ಅಧ್ಯಾಯವನ್ನು ಟೇಲರ್ ಬರೆಯಲಿಲ್ಲ. ಅವನ ಹೆಂಡತಿಯ ಚಿಕ್ಕಜ್ಜಿ ಅದನ್ನು ಐವತ್ತಾರು ವರ್ಷ ಬದುಕಿ ಹೋಗಿದ್ದಳು.

ಕಣ್ಣು ಮಂಜಾದ ಮೇಲೂ 1875ರಲ್ಲಿ ಟೇಲರ್ ಹೈದರಾಬಾದನ್ನು ನೋಡಲು ಇನ್ನೊಮ್ಮೆ ಬಂದ. ಮಾವ ವಿಲಿಯಂ ಪಾಮರ್ ಸತ್ತು ಆಗಲೇ ಎಂಟು ವರ್ಷವಾಗಿತ್ತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂತಾನಿನಲ್ಲಿ ಪ್ರಾಣ ಬಿಟ್ಟ. ಅವನು ಬರೆದಿಟ್ಟಿದ್ದ ಆತ್ಮಕಥೆ ಮರುವರ್ಷ ಅಚ್ಚಾಯಿತು. ಸುರಪುರದ ರಾಣಿ, ಅಪ್ಪಾ ಎಂದ ಹುಡುಗ, ಜಾತಕದ ರಾತ್ರಿ, ಇವೆಲ್ಲ ನಮಗೆ ತಿಳಿದಿರುವುದು ಆ ಪುಸ್ತಕದಿಂದ. ಹಸ್ತಪ್ರತಿಯನ್ನು ತಿದ್ದಿ ಅಚ್ಚಿಗೆ ಕೊಟ್ಟವಳು ಮಗಳು ಆಲಿಸ್. ಲಖನೌದ ಬೀಬಿ ಫೈಜ್ ಬಕ್ಷಳ ಮರಿಮೊಮ್ಮಗಳು.